ಕರಡಿಗೆ ಯಾವ ತೋಟಾ?

ಮಾರ್ಚ್ ಕಳೆದು ಏಪ್ರಿಲ್ ಬಂತೆಂದರೆ ನಮ್ಮ ನಾಗಪುರದ ಕಡೆ ಹಿಪ್ಪೆ ಹೂವು ಉದುರುವ ಕಾಲ. ಇಲ್ಲಿಯವರು ಅದನ್ನು ಮೋಹ ಅನ್ನುತ್ತಾರೆ. ರಾತ್ರಿಯೆಲ್ಲ ಉದುರಿದ ಹೂವನ್ನು ಬೆಳಗಿನ ಜಾವದಲ್ಲೇ ಆರಿಸಿಕೊಳ್ಳಬೇಕು, ಬಿಸಿಲೇರಿದರೆ ಬಾಡುತ್ತದೆ. ಅದೇ ಹೊತ್ತಿಗೆ ಅದೇ ಹೂವಿಗೆ ಕರಡಿಯೂ ಬರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ವಿದರ್ಭದ ಮರಾಠಿ ಪತ್ರಿಕೆಗಳ ಒಳಪುಟಗಳಲ್ಲಿ 'ಅಸ್ವಲ' ಎಂಬ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅಸ್ವಲ ಅಂದರೆ ಕರಡಿ. ಸುದ್ದಿ ಸಾಮಾನ್ಯವಾಗಿ ನಾಲ್ಕೈದು ಸಾಲಿನದು: ಹೂವು ಆರಿಸಲು ಹೋದವರ ಮೇಲೆ ದಾಳಿ, ಮುಖಕ್ಕೆ ಗಾಯ, ಆಸ್ಪತ್ರೆಗೆ ದಾಖಲು.

ನಾನಿರುವುದು ಹಿಂಗಣಾದಲ್ಲಿ. ಒಂದು ಪಕ್ಕ ಎಂಐಡಿಸಿಯ ಕಾರ್ಖಾನೆಗಳು, ಇನ್ನೊಂದು ಪಕ್ಕ ನಾಗಪುರ ಮೆಟ್ರೋದ ಕೊನೆಯ ನಿಲ್ದಾಣ ಲೋಕಮಾನ್ಯ ನಗರ. ಅದೇ ರಸ್ತೆಯಲ್ಲಿ ಊರು ಬಿಟ್ಟು ಹೊರಗೆ ಹೋದರೆ ಸಾಗುವಾನಿ ಕಾಡು ಶುರು. ಆ ದಿಕ್ಕಿನಲ್ಲೇ ಇನ್ನೂ ಮುಂದೆ, ವರ್ಧಾ ಜಿಲ್ಲೆಯ ಕಡೆಗೆ, 2014ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬೋರ್ ಅಭಯಾರಣ್ಯ ಸಿಗುತ್ತದೆ. ಹುಲಿ, ಚಿರತೆಗಳ ಜೊತೆ ಅಲ್ಲಿ ಕರಡಿಗಳೂ ಇವೆ. ವಾರದ ಐದು ದಿನ ಕಂಪ್ಯೂಟರ್ ಮುಂದೆ ಕೂರುವ ನಮ್ಮಂಥವರಿಗೆ ಶನಿವಾರ ಭಾನುವಾರ ಆ ಕಡೆಯ ಗುಡ್ಡ, ಕೆರೆ ಅಂತ ಸುತ್ತುವ ಚಟ. ಹೋಗುವ ಮುನ್ನ ಯಾರಾದರೊಬ್ಬರು "ಕರಡಿ ಬಂದರೆ?" ಅಂತ ಕೇಳುವುದು, ಎಲ್ಲರೂ ನಗುವುದು ಕೂಡ ರೂಢಿ.

ಆದರೆ ಹೋದ ವರ್ಷ ಈ ಪ್ರಶ್ನೆಗೆ ನಾನು ಕೂತು ಸರಿಯಾಗಿ ಉತ್ತರ ಹುಡುಕಬೇಕಾಯಿತು. ಕೇಳಿದವರು ನಗುವ ಮನಸ್ಥಿತಿಯಲ್ಲಿರಲಿಲ್ಲ.

ಮಾವನ ಫೋನು

ನನ್ನ ಸೋದರಮಾವನ ಹೊಲ ಇರುವುದು ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲೂಕಿನಲ್ಲಿ. ಗುಡೇಕೋಟೆಯ ಕರಡಿಧಾಮದಿಂದ ಆರೇಳು ಕಿಲೋಮೀಟರ್ ದೂರ. ಬಂಡೆಗುಡ್ಡ, ಕುರುಚಲು ಕಾಡು, ನಡುವೆ ಶೇಂಗಾ, ಮೆಕ್ಕೆಜೋಳ. ಕರಡಿಗೆ ಬೇಕಾದದ್ದೆಲ್ಲ ಆ ಸೀಮೆಯಲ್ಲಿದೆ: ಸೀತಾಫಲ, ಈಚಲು, ಬಾರೆ ಹಣ್ಣು, ಹೆಜ್ಜೆಗೊಂದು ಗೆದ್ದಲ ಹುತ್ತ, ಹಗಲು ಮಲಗಲು ಬಂಡೆಗಳ ಸಂದಿನ ಗವಿ. ರಾತ್ರಿ ಇಳಿದು ಬಂದರೆ ಹೊಲದ ಬೆಳೆ.

ಪಕ್ಕದ ಹೊಲದ ರೈತನೊಬ್ಬನ ಮೇಲೆ ಬೆಳಗಿನ ಜಾವ ಕರಡಿ ಎರಗಿತು. ಜೀವ ಉಳಿಯಿತು, ಒಂದು ಕಣ್ಣು ಹೋಯಿತು. ಅದಾದ ಮೂರನೇ ದಿನ ಮಾವ ನನಗೆ ಫೋನ್ ಮಾಡಿದರು. ಅವರ ಹತ್ತಿರ ಅಜ್ಜನ ಕಾಲದ ಜೋಡು ನಳಿಗೆಯ ತೋಟಾ ಕೋವಿ ಇದೆ. ಲೈಸೆನ್ಸ್ ಇದೆ, ಚುನಾವಣೆ ಬಂದಾಗಲೆಲ್ಲ ತಪ್ಪದೆ ಠಾಣೆಗೆ ಒಪ್ಪಿಸಿ ವಾಪಸು ತರುತ್ತಾರೆ.

"ಅಳಿಯಾ, ಕರಡಿಗೆ ಎಲ್‌ಜಿ ಸಾಕಾಗ್ತದೋ, ಒಂಟಿ ಗುಂಡಿನ ತೋಟಾನೇ ಬೇಕೋ? ನೀನು ದಿನಾ ಕಂಪ್ಯೂಟರ್ ಮುಂದೆ ಕುಂತಿರ್ತಿ, ಸ್ವಲ್ಪ ನೋಡಿ ಹೇಳು" ಅಂದರು.

"ಯಾಕೆ ಮಾವ, ಹೊಡೀಬೇಕು ಅಂತಿದ್ದೀರಾ?"

"ಹೊಡ್ಯಾಕಲ್ಲಪ್ಪ. ಮೈಮೇಲೆ ಬಂದ್ರೆ ಅಂತ."

ಅರವತ್ತೈದು ದಾಟಿದ ಮನುಷ್ಯ, ರಾತ್ರಿ ಒಬ್ಬರೇ ಹೊಲ ಕಾಯುತ್ತಾರೆ. ಕೇಳಿದ್ದರಲ್ಲಿ ತಪ್ಪೇನಿದೆ? ಹಾಗಾಗಿ ಉಪದೇಶ ಮಾಡದೆ, ಕೇಳಿದ್ದಕ್ಕೆ ಕೇಳಿದಂತೆಯೇ ಉತ್ತರ ಹುಡುಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿನಲ್ಲೂ ಇಂಥ ಮಾವಂದಿರು ಇರಬಹುದು.

ತೋಟಾದೊಳಗೆ ಏನಿರುತ್ತದೆ

ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಹನ್ನೆರಡು ಬೋರಿನ ಕೋವಿ. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ ಹನ್ನೆರಡು ಗುಂಡು ಮಾಡಿದರೆ ಒಂದೊಂದು ಗುಂಡಿನ ಅಗಲ ಎಷ್ಟಾಗುತ್ತದೋ ಅಷ್ಟೇ ನಳಿಗೆಯ ಒಳಗಿನ ಅಗಲ ಎಂಬ ಹಳೆಯ ಲೆಕ್ಕದಿಂದ ಬಂದ ಹೆಸರು ಅದು. ಸುಮಾರು 18.5 ಮಿಲಿಮೀಟರ್.

ಈ ಕೋವಿಯ ತೋಟಾದಲ್ಲಿ ತುಂಬುವುದು ಚರೆ. ಹಕ್ಕಿಗೆ ಸಾಸಿವೆ, ಮೆಣಸಿನಷ್ಟು ಸಣ್ಣ ಚರೆ, ದೊಡ್ಡ ಪ್ರಾಣಿಗೆ ದಪ್ಪ ಚರೆ. ಮಾವ ಹೇಳಿದ ಎಲ್‌ಜಿಯಲ್ಲಿ ಸುಮಾರು ಒಂಬತ್ತು ಮಿಲಿಮೀಟರ್ ದಪ್ಪದ ಆರೇಳು ಸೀಸದ ಗುಂಡುಗಳಿರುತ್ತವೆ. ಎಸ್‌ಜಿಯಲ್ಲಿ ಅದಕ್ಕಿಂತ ಸ್ವಲ್ಪ ಸಣ್ಣವು, ಎಂಟೊಂಬತ್ತು. ಇಂಥ ತೋಟಾಗಳು ನಮ್ಮಲ್ಲಿ ಪುಣೆಯ ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ತಯಾರಾಗುತ್ತವೆ. ನಮ್ಮ ಹಿಂಗಣಾ ಪಕ್ಕದ ಅಂಬಾಝರಿಯಲ್ಲೂ ದೊಡ್ಡ ಆರ್ಡನೆನ್ಸ್ ಕಾರ್ಖಾನೆಯಿದೆ. ಆದರೆ ಅದರ ಕೆಲಸ ಸೈನ್ಯದ ಫಿರಂಗಿ ಗುಂಡುಗಳ ಕವಚದಂಥದ್ದು, ಮಾವನ ಕೋವಿಗೂ ಅದಕ್ಕೂ ಸಂಬಂಧವಿಲ್ಲ.

ಚರೆಯ ಬದಲು ಒಂದೇ ಒಂದು ದಪ್ಪ ಗುಂಡು ತುಂಬಿದರೆ ಅದು ಸ್ಲಗ್. ಅಮೆರಿಕದ ಕರಡಿ ಕಾಡುಗಳಲ್ಲಿ ಓಡಾಡುವವರು ಮಾತೆತ್ತಿದರೆ ಹೇಳುವುದು ಇದನ್ನೇ. ಸ್ಲಗ್‌ನಲ್ಲಿ ಮೂರು ಬಗೆ.

ಮೊದಲನೆಯದು ಬ್ರೆನೆಕೆ. ಜರ್ಮನಿಯ ವಿಲ್‌ಹೆಲ್ಮ್ ಬ್ರೆನೆಕೆ 1898ರಲ್ಲಿ ಮಾಡಿದ್ದು. ಗಟ್ಟಿ ಸೀಸದ ತುಂಡು, ಹಿಂಬದಿಗೆ ಬಿಗಿಯಾಗಿ ಸೇರಿಸಿದ ಹಗುರ ಮೆತ್ತೆ. ಹೊಡೆತಕ್ಕೆ ಅಷ್ಟಾಗಿ ಚಪ್ಪಟೆಯಾಗದೆ ಆಳಕ್ಕೆ ಇಳಿಯುತ್ತದೆ.

ಎರಡನೆಯದು ಫೋಸ್ಟರ್. ಅಮೆರಿಕದ ಕಾರ್ಲ್ ಫೋಸ್ಟರ್ 1931ರಲ್ಲಿ ಮಾಡಿದ್ದು. ಮೆತ್ತನೆಯ ಸೀಸ, ಹಿಂಬದಿ ಟೊಳ್ಳು, ಭಾರವೆಲ್ಲ ಮುಂದೆ. ಬ್ಯಾಡ್ಮಿಂಟನ್ ಕಾಕ್ ಹೇಗೆ ಯಾವಾಗಲೂ ಬುರುಡೆ ಮುಂದಾಗಿಯೇ ಹಾರುತ್ತದೋ ಹಾಗೆ ಇದೂ ನೆಟ್ಟಗೆ ಹೋಗುತ್ತದೆ. ತಗುಲಿದಾಗ ಅರಳಿ ಅಗಲವಾಗುತ್ತದೆ, ಹಾಗಾಗಿ ಬ್ರೆನೆಕೆಯಷ್ಟು ಆಳಕ್ಕೆ ಹೋಗುವುದಿಲ್ಲ.

ಮೂರನೆಯದು ಸ್ಯಾಬೊ. ಪ್ಲಾಸ್ಟಿಕ್ ಹೊದಿಕೆಯೊಳಗೆ ಕೂರಿಸಿದ ಸಣ್ಣ ಗುಂಡು. ಇದಕ್ಕೆ ಒಳಗೆ ಸುರುಳಿ ಗೀರಿರುವ ನಳಿಗೆಯೇ ಬೇಕು. ನಮ್ಮ ಊರ ಕೋವಿಗಳ ನುಣುಪು ನಳಿಗೆಯಲ್ಲಿ ಇದರಿಂದ ಉಪಯೋಗವಿಲ್ಲ.

ಬಲದ ವಿಷಯದಲ್ಲಿ ಯಾವ ಅನುಮಾನವೂ ಬೇಡ. ಒಂದು ಔನ್ಸ್, ಅಂದರೆ 28 ಗ್ರಾಂ ತೂಕದ ಸ್ಲಗ್ ಸೆಕೆಂಡಿಗೆ ಸುಮಾರು 480 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಾಲೆಯಲ್ಲಿ ಕಲಿತ ಚಲನಶಕ್ತಿಯ ಸೂತ್ರ ಹಾಕಿದರೆ 3200 ಜೌಲ್‌ನಷ್ಟಾಗುತ್ತದೆ. ಪೊಲೀಸರ ಸೊಂಟದ 9 ಎಂಎಂ ಪಿಸ್ತೂಲಿನ ಗುಂಡಿಗೆ ಹೋಲಿಸಿದರೆ ಆರು ಪಟ್ಟು. ಮುನ್ನೂರು ನಾನೂರು ಕಿಲೋ ತೂಗುವ ಅಲಾಸ್ಕಾದ ಕಂದು ಕರಡಿಯ ಭುಜದ ಮೂಳೆ ಮುರಿದು ಒಳಕ್ಕೆ ಹೋಗಬೇಕಾದರೆ ಅಂಥ ಬಲ ಬೇಕು. ಅಲ್ಲಿಯವರು ಗಟ್ಟಿ ಸೀಸದ, ಆಳಕ್ಕಿಳಿಯುವ ಸ್ಲಗ್ಗನ್ನೇ ಮೆಚ್ಚುವುದಕ್ಕೆ ಕಾರಣ ಇದು.

ಅಂದರೆ ಪುಸ್ತಕದ ಉತ್ತರ ಸಿಕ್ಕಿತು: ಬ್ರೆನೆಕೆ. ಆದರೆ ಮಾವನ ಕೈಯಲ್ಲಿರುವ ಕೋವಿ ಬೇರೆ, ಮಾವನ ಎದುರಿಗೆ ಬರುವ ಕರಡಿಯೂ ಬೇರೆ.

ಹಳೆಯ ಕೋವಿಯ ಕಷ್ಟಗಳು

ಮಾವನಿಂದ ಕೋವಿಯ ಫೋಟೋ ತರಿಸಿಕೊಂಡು ನೋಡಿದೆ. ಹಳೆಯ ಜೋಡು ನಳಿಗೆಗಳಲ್ಲಿ ಸಾಮಾನ್ಯವಾಗಿ ಒಂದು ನಳಿಗೆಯ ಬಾಯಿ ಸಡಿಲ, ಇನ್ನೊಂದರದು ಬಿಗಿ. ಚರೆ ದೂರದವರೆಗೆ ಚದುರದಿರಲಿ ಅಂತ ಬಾಯಿಯನ್ನು ಸುಮಾರು ಒಂದು ಮಿಲಿಮೀಟರ್ ಕಿರಿದು ಮಾಡಿರುತ್ತಾರೆ, ಅದಕ್ಕೆ ಚೋಕ್ ಅಂತ ಹೆಸರು. ಗಟ್ಟಿ ಗುಂಡನ್ನು ಆ ಬಿಗಿ ಬಾಯಿಯಿಂದ ತೂರಿಸಿದರೆ ಗುರಿಯೂ ಕೆಡುತ್ತದೆ, ಹಳೆಯ ನಳಿಗೆಗೂ ಪೆಟ್ಟು. ಸ್ಲಗ್ ಹೊಡೆಯಬೇಕಾದದ್ದು ಸಡಿಲ ಬಾಯಿಯ ನಳಿಗೆಯಿಂದ ಮಾತ್ರ.

ಎರಡನೆಯದು ತೋಟಾದ ಉದ್ದ. ಹಳೆಯ ಬ್ರಿಟಿಷ್ ಮಾದರಿಯ ಎಷ್ಟೋ ಕೋವಿಗಳ ಚೇಂಬರ್ 65 ಮಿಲಿಮೀಟರಿನದು. ಈಗಿನ ಹೊರದೇಶದ ತೋಟಾಗಳು 70, 76 ಮಿಲಿಮೀಟರಿನವು. ಮುಚ್ಚಿರುವಾಗ ಉದ್ದದ ತೋಟಾವೂ ಒಳಗೆ ಕೂತುಬಿಡುತ್ತದೆ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಅಜ್ಜನ ಕಾಲದ ಕೋವಿ ಅದನ್ನು ತಡೆದುಕೊಳ್ಳುತ್ತದೆ ಅನ್ನುವ ಭರವಸೆ ಇಲ್ಲ. ಕೋವಿಯ ಮೇಲೆ ಕೆತ್ತಿರುವ ಅಳತೆ ನೋಡದೆ ತೋಟಾ ಕೊಳ್ಳುವುದೆಂದರೆ ಕರಡಿಗಿಂತ ಮೊದಲು ನಮ್ಮ ಕೈಬೆರಳಿಗೇ ಅಪಾಯ.

ಮೂರನೆಯದು ಆ ಗುಂಡು ಹೋಗಿ ನಿಲ್ಲುವ ಜಾಗ. ಸಣ್ಣ ಚರೆ ಬೇಗ ವೇಗ ಕಳೆದುಕೊಳ್ಳುತ್ತದೆ. ಸ್ಲಗ್ ಹಾಗಲ್ಲ, ಗುರಿ ತಪ್ಪಿದರೆ ಅರ್ಧ ಕಿಲೋಮೀಟರ್ ಆಚೆಗೂ ಮನುಷ್ಯನನ್ನು ಕೊಲ್ಲಬಲ್ಲದು. ಕೂಡ್ಲಿಗಿಯ ಕಡೆ ಎಲ್ಲಿ ನೋಡಿದರೂ ಬಂಡೆ. ಬಂಡೆಗೆ ಬಡಿದ ಗುಂಡು ಯಾವ ದಿಕ್ಕಿಗೆ ಚಿಮ್ಮುತ್ತದೋ ದೇವರೇ ಬಲ್ಲ. ಸುತ್ತಲಿನ ಹೊಲಗಳಲ್ಲಿ ಮಾವನಂತೆಯೇ ಕಾವಲಿಗೆ ಮಲಗಿದವರು, ಮಂದೆ ತರುಬಿದ ಕುರಿಗಾರರು ಇರುತ್ತಾರೆ. ಕತ್ತಲಲ್ಲಿ ಎರಡು ಕಾಲಿನ ನೆರಳಿಗೂ ನಾಲ್ಕು ಕಾಲಿನ ನೆರಳಿಗೂ ವ್ಯತ್ಯಾಸ ತಿಳಿಯದೆ ಗುಂಡು ಹಾರಿಸಿ, ಜೊತೆಗಾರನನ್ನೇ ಕಳೆದುಕೊಂಡ ಶಿಕಾರಿಯ ಕತೆಗಳನ್ನು ಮಲೆನಾಡಿನವರು ಯಾರೂ ಕೇಳದೆ ಇರಲಾರರು.

ನಮ್ಮ ಕರಡಿ ಬೇರೆ

ಅಮೆರಿಕದ ಸಲಹೆಗಳು ಅಲ್ಲಿಯ ಕರಡಿಗಾಗಿ ಹುಟ್ಟಿದವು. ನಮ್ಮದು ಬೇರೆಯೇ ಜಾತಿ. ಗಂಡು ಕರಡಿ 80ರಿಂದ 145 ಕಿಲೋ, ಹೆಣ್ಣು ಅದಕ್ಕಿಂತ ಹಗುರ. ಎದೆಯ ಮೇಲೆ ಇಂಗ್ಲಿಷಿನ 'ವಿ' ಅಕ್ಷರದಂಥ ಬಿಳಿ ಗುರುತು. ಗೆದ್ದಲನ್ನು ಹೀರಿಕೊಳ್ಳಲು ಅನುಕೂಲವಾಗುವಂತೆ ಮೇಲ್ದವಡೆಯ ನಡುವಿನ ಎರಡು ಹಲ್ಲೇ ಇಲ್ಲ. ಹುತ್ತ ಬಗೆಯಲು ಬೆರಳುದ್ದದ ಉಗುರು. ಮೈತುಂಬ ಜೋಲುವ ಉದ್ದ ಕೂದಲು, ಹಾಗಾಗಿ ಮೈ ಎಲ್ಲಿ ಮುಗಿದು ಕೂದಲು ಎಲ್ಲಿ ಶುರುವಾಗುತ್ತದೆ ಅನ್ನುವುದು ಹಗಲಲ್ಲೇ ಗೊತ್ತಾಗುವುದಿಲ್ಲ, ಇರುಳಲ್ಲಿ ಕೇಳುವುದೇ ಬೇಡ.

ಮುಖ್ಯ ವಿಷಯ ಅದರ ಸ್ವಭಾವ. ಅದು ನಮ್ಮನ್ನು ತಿನ್ನಲು ಬರುವುದಿಲ್ಲ. ಹುತ್ತಕ್ಕೆ ಮೂತಿ ಹಾಕಿ ಸದ್ದು ಮಾಡುತ್ತ ಗೆದ್ದಲು ಹೀರುತ್ತಿರುವಾಗ ಅದಕ್ಕೆ ಲೋಕದ ಪರಿವೆ ಇರುವುದಿಲ್ಲ. ಮೂಗು ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೆ. ಗಾಳಿ ನಮ್ಮ ಕಡೆಗೆ ಬೀಸುತ್ತಿದ್ದರೆ ವಾಸನೆಯೂ ಸಿಗದು. ನಾವು ಸದ್ದಿಲ್ಲದೆ ಐದು ಹತ್ತು ಮೀಟರ್ ಹತ್ತಿರಕ್ಕೆ ಹೋದಾಗ ಬೆಚ್ಚಿಬೀಳುತ್ತದೆ. ಹುಲಿ ಚಿರತೆಗಳಿರುವ ಕಾಡಿನಲ್ಲಿ ಬೆಳೆದ ಪ್ರಾಣಿ, ಮರ ಹತ್ತಿದರೂ ಚಿರತೆ ಬೆನ್ನು ಬಿಡದು. ಹಾಗಾಗಿ ಬೆಚ್ಚಿದರೆ ಓಡುವುದಕ್ಕಿಂತ ಮೈಮೇಲೆ ಬೀಳುವುದೇ ಅದಕ್ಕೆ ರಕ್ಷಣೆ. ಬೆನ್ನ ಮೇಲೆ ಮರಿಗಳನ್ನು ಹೊತ್ತ ತಾಯಿಯಾದರೆ ಇನ್ನೂ ಕಷ್ಟ. ಎದ್ದು ನಿಂತು ಹೊಡೆಯುತ್ತದೆ, ಪೆಟ್ಟು ಬೀಳುವುದು ತಲೆಗೆ, ಮುಖಕ್ಕೆ.

ಹಳೆಯ ಮಧ್ಯಪ್ರದೇಶದಲ್ಲಿ 1989ರಿಂದ 1994ರವರೆಗಿನ ಐದು ವರ್ಷದ ದಾಖಲೆ ನೋಡಿದವರ ಲೆಕ್ಕದಲ್ಲಿ ಕರಡಿ ದಾಳಿಗೆ ಸಿಕ್ಕವರು 735 ಮಂದಿ, ಸತ್ತವರು 48. ಛತ್ತೀಸ್‌ಗಢದ ಬಿಲಾಸ್‌ಪುರ ಭಾಗದಲ್ಲಿ 1998ರಿಂದ 2000ದವರೆಗೆ 137 ದಾಳಿ, 11 ಸಾವು. ಈ ಅಂಕಿಯನ್ನು ಎರಡು ಬಗೆಯಲ್ಲಿ ಓದಬೇಕು. ಹೆಚ್ಚಿನವರು ಬದುಕುತ್ತಾರೆ, ಅದು ಒಂದು. ಬದುಕಿದವರು ಮುಖ, ಕಣ್ಣು, ಕೈ ಕಳೆದುಕೊಂಡು ಬದುಕುತ್ತಾರೆ, ಅದು ಇನ್ನೊಂದು. ಮಾವನ ಪಕ್ಕದ ಹೊಲದವನ ಹಾಗೆ.

ಕರ್ನಾಟಕದಲ್ಲಿ ಕರಡಿಯನ್ನು ಕೋವಿಯಿಂದ ಎದುರಿಸಿದ ಪ್ರಸಿದ್ಧ ಕತೆಯೂ ಒಂದಿದೆ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ 1957ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅರಸೀಕೆರೆಯ ಕಡೆಯ ಗುಡ್ಡಗಳಲ್ಲಿದ್ದ ಒಂದು ಕರಡಿಯ ಬಗ್ಗೆ ಬರೆದಿದ್ದಾನೆ. ಹನ್ನೆರಡು ಜನರನ್ನು ಕೊಂದು, ಅದರ ಎರಡರಷ್ಟು ಜನರನ್ನು ಗಾಯಗೊಳಿಸಿದ್ದ ಕರಡಿ ಅದು. ಕಾಡಿನ ಬದುಕಿನಲ್ಲಿ ಪಳಗಿದ, ಒಳ್ಳೆಯ ರೈಫಲ್ ಇದ್ದ ಅಂಥವನಿಗೇ ಅದು ಒಂದೇ ಸಲಕ್ಕೆ ಸಿಗಲಿಲ್ಲ. ಹುಡುಕಿಕೊಂಡು ಹೋದವನಿಗೇ ಹಾಗಾದರೆ, ಅದು ತಾನಾಗಿ ಮೈಮೇಲೆ ಬಂದಾಗ ಕೋವಿ ಹಿಡಿದವನ ಸ್ಥಿತಿ ಏನು?

ಒಂದೂಕಾಲು ಸೆಕೆಂಡ್

ಇಲ್ಲಿ ನನ್ನ ಕಸುಬಿನ ಒಂದು ಮಾತು ನೆನಪಾಯಿತು. ನೆಟ್‌ವರ್ಕ್ ನಿಧಾನ ಅಂತ ದೂರು ಬಂದ ಕೂಡಲೇ ಹೊಸಬರು ಬ್ಯಾಂಡ್‌ವಿಡ್ತ್ ಹೆಚ್ಚಿಸೋಣ ಅನ್ನುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಲೇಟೆನ್ಸಿಯಲ್ಲಿ, ಅಂದರೆ ಉತ್ತರ ಬರಲು ಹಿಡಿಯುವ ಹೊತ್ತಿನಲ್ಲಿ. ಪೈಪು ಎಷ್ಟು ದಪ್ಪ ಮಾಡಿದರೂ ಆ ಹೊತ್ತು ಕಡಿಮೆಯಾಗುವುದಿಲ್ಲ. ಸ್ಲಗ್ಗೋ ಚರೆಯೋ ಅನ್ನುವುದು ಬ್ಯಾಂಡ್‌ವಿಡ್ತಿನ ಪ್ರಶ್ನೆ. ಕರಡಿಯ ಮುಂದೆ ಇರುವುದು ಲೇಟೆನ್ಸಿಯ ಪ್ರಶ್ನೆ.

ಕರಡಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನುಗ್ಗಿತು ಅಂತಿಟ್ಟುಕೊಳ್ಳಿ. ಹತ್ತು ಮೀಟರ್ ದಾಟಲು ಅದಕ್ಕೆ ಬೇಕಾದದ್ದು ಒಂದೂಕಾಲು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಮಾವ ಅದನ್ನು ನೋಡಬೇಕು, ಅದು ಕರಡಿಯೇ ಅಂತ ಗುರುತಿಸಬೇಕು, ಟಾರ್ಚ್ ಬಿಟ್ಟು ಕೋವಿ ಎತ್ತಬೇಕು, ಸೇಫ್ಟಿ ತೆಗೆಯಬೇಕು, ಸಡಿಲ ಬಾಯಿಯ ನಳಿಗೆ ಯಾವುದು ಅಂತ ನೆನಪಿಸಿಕೊಳ್ಳಬೇಕು, ಗುರಿ ಹಿಡಿದು ಒತ್ತಬೇಕು. ಅಮೆರಿಕದ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಲೆಕ್ಕ ಬರೆದ. ಚಾಕು ಹಿಡಿದ ಮನುಷ್ಯ 21 ಅಡಿ ದೂರವನ್ನು ಒಂದೂವರೆ ಸೆಕೆಂಡಿನಲ್ಲಿ ಓಡಿ ಬರುತ್ತಾನೆ, ತರಬೇತಿ ಪಡೆದ ಪೊಲೀಸನಿಗೂ ಪಿಸ್ತೂಲು ಹೊರತೆಗೆದು ಹೊಡೆಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು ಅಂತ. ಕರಡಿ ಮನುಷ್ಯನಿಗಿಂತ ಜೋರಾಗಿ ಓಡುತ್ತದೆ. ಮಾವ ಪೊಲೀಸ್ ಅಲ್ಲ.

ಇನ್ನು ತೋಟಾ ತುಂಬಿದ ಕೋವಿಯನ್ನು ಕೈಯಲ್ಲೇ ಹಿಡಿದು ಕತ್ತಲಲ್ಲಿ ಬದುವಿನ ಮೇಲೆ ನಡೆಯುವುದೆಂದರೆ ಮುಗ್ಗರಿಸಿದರೂ ಅಪಾಯವೇ. ತುಂಬದೆ ಹೆಗಲಿಗೆ ಹಾಕಿಕೊಂಡರೆ ಕರಡಿಯ ಮುಂದೆ ಅದು ಬರೀ ದೊಣ್ಣೆ.

ಕೋವಿ ಚೆನ್ನಾಗಿ ಬಲ್ಲವರ ನಾಡಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತವರ ಸಂಗಡಿಗರು ಅಲಾಸ್ಕಾದಲ್ಲಿ 1883ರಿಂದ 2009ರವರೆಗೆ ಬಂದೂಕು ಜೊತೆಗಿದ್ದಾಗ ನಡೆದ 269 ಕರಡಿ ಘಟನೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದರು. ಬಂದೂಕು ಬಳಸಿದವರಿಗೂ, ಜೊತೆಗಿದ್ದರೂ ಬಳಸದವರಿಗೂ ಆದ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಅದೇ ಸ್ಮಿತ್ ಮತ್ತು ಹೆರೆರೊ 2008ರಲ್ಲಿ ಖಾರದ ಸ್ಪ್ರೇ ಬಗ್ಗೆ ನಡೆಸಿದ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಸಲ ಕರಡಿ ಹಿಂದೆ ಸರಿದಿತ್ತು. ನಮ್ಮ ಪೇಟೆಯಲ್ಲಿ ಹೆಂಗಸರ ರಕ್ಷಣೆಗೆ ಅಂತ ಸಿಗುವ ಪುಟ್ಟ ಡಬ್ಬಿ ಬೇರೆ, ಏಳೆಂಟು ಮೀಟರ್ ದೂರಕ್ಕೆ ಮೋಡದಂತೆ ಹರಡುವ ಅಲ್ಲಿಯ ಕರಡಿ ಸ್ಪ್ರೇ ಬೇರೆ. ಇದನ್ನು ನಂಬಿ ಅದನ್ನು ಕೊಳ್ಳಬೇಡಿ.

ಕಾನೂನು ಏನು ಹೇಳುತ್ತದೆ

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಪಟ್ಟಿಯಲ್ಲಿ ಕರಡಿ ಇದೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ದಂಡ ಬೇರೆ.

ಆತ್ಮರಕ್ಷಣೆಗೆ ದಾರಿ ಇದೆ. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ, ಗಾಯಗೊಳಿಸಿದರೆ ಅಪರಾಧವಲ್ಲ ಎಂದು 11ನೇ ಸೆಕ್ಷನ್ನಿನ ಎರಡನೇ ಉಪವಿಧಿ ಹೇಳುತ್ತದೆ. ಅದರ ಕೆಳಗೇ ಒಂದು ಷರತ್ತು: ಆ ಹೊತ್ತಿಗೆ ನೀವು ಅದೇ ಕಾಯ್ದೆಯನ್ನು ಮುರಿಯುತ್ತಿರಬಾರದು. ಅನುಮತಿಯಿಲ್ಲದೆ ಕೋವಿ ಹಿಡಿದು ಅಭಯಾರಣ್ಯ ಹೊಕ್ಕಿದ್ದರೆ 31ನೇ ಸೆಕ್ಷನ್ ಮುರಿದಂತೆ, ಆಮೇಲೆ ಆತ್ಮರಕ್ಷಣೆ ಅಂದರೆ ಕೇಳುವವರಿಲ್ಲ. ಶೇಂಗಾ ತಿನ್ನುತ್ತಿದ್ದ ಕರಡಿಗೆ ಹೊಡೆದರೆ ಅದು ಬೆಳೆರಕ್ಷಣೆ, ಆತ್ಮರಕ್ಷಣೆಯಲ್ಲ. ಮೊದಲ ಪಟ್ಟಿಯ ಪ್ರಾಣಿಗೆ ಆ ವಿನಾಯಿತಿ ಇಲ್ಲ.

ಮಾವನಿಗೆ ನೇರ ಸಂಬಂಧಪಟ್ಟದ್ದು 34ನೇ ಸೆಕ್ಷನ್. ಅಭಯಾರಣ್ಯದ ಒಳಗೆ ಅಥವಾ ಅದರಿಂದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸುದಾರರು ತಮ್ಮ ಹೆಸರು ನೋಂದಾಯಿಸಬೇಕು. ಆ ವಲಯದಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಇದನ್ನು ಹೇಳಿದಾಗ ಮಾವ ಒಂದು ಗಳಿಗೆ ಸುಮ್ಮನಿದ್ದು, "ನಾಳೆ ರೇಂಜ್ ಆಫೀಸಿಗೆ ಹೋಗಿ ಬರ್ತೀನಿ" ಅಂದರು.

ಕೊಡಗಿನವರು ಓದುತ್ತಿದ್ದರೆ ಅವರಿಗೊಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿ. ವನ್ಯಜೀವಿ ಕಾಯ್ದೆ ಅವರಿಗೂ ಒಂದೇ.

ಕೋವಿ ಇಲ್ಲದವರು ಏನು ಮಾಡುತ್ತಾರೆ

ಇಷ್ಟೆಲ್ಲ ಓದಿದ ಮೇಲೆ ನನಗೆ ಕುತೂಹಲ ಹುಟ್ಟಿದ್ದು ನಮ್ಮ ಹಿಂಗಣಾ ಕಡೆಯ ಹಿಪ್ಪೆ ಹೂವಿನವರ ಬಗ್ಗೆ. ಕರಡಿಗೆ ದಿನಾ ಎದುರಾಗುವವರು ಅವರೇ. ಏಪ್ರಿಲಿನಲ್ಲಿ ಹೂವು, ಮೇ ತಿಂಗಳಲ್ಲಿ ಬೀಡಿಯ ಎಲೆ. ಹೆಚ್ಚಿನವರು ಹೆಂಗಸರು, ಗೊಂಡರು ಬಹಳ. ಅವರಲ್ಲಿ ಯಾರ ಹತ್ತಿರವೂ ಕೋವಿಯಿಲ್ಲ.

ಒಂದು ಭಾನುವಾರ ದಾರಿ ಬದಿ ಹೂವು ಒಣಗಿಸುತ್ತಿದ್ದ ಅಜ್ಜಿಯೊಬ್ಬರನ್ನು ನನ್ನ ಅರೆಬರೆ ಮರಾಠಿಯಲ್ಲೇ ಕೇಳಿದೆ. ಅಸ್ವಲಕ್ಕೆ ಹೆದರಿಕೆ ಆಗುವುದಿಲ್ಲವಾ ಅಂದೆ. ಆಗುತ್ತದೆ, ಅದಕ್ಕೇ ಬಾಯಿ ಮುಚ್ಚುವುದಿಲ್ಲ ಅಂದರು. ಒಬ್ಬರೇ ಹೋಗುವುದಿಲ್ಲವಂತೆ. ಹಾಡು ಹೇಳುತ್ತ, ಒಬ್ಬರನ್ನೊಬ್ಬರು ಕೂಗುತ್ತ ಹೋಗುತ್ತಾರೆ. ಪೊದೆಯ ಪಕ್ಕ ಹೋಗುವ ಮುನ್ನ ಕೋಲಿನಿಂದ ಕಲ್ಲಿಗೆ ಬಡಿಯುತ್ತಾರೆ. ಮರದ ಕೆಳಗೆ ತರಗೆಲೆಯಿಲ್ಲದೆ ಚೊಕ್ಕಟವಾಗಿದ್ದರೆ ಸುತ್ತಲೂ ಕಾಣುತ್ತದೆ ಅನ್ನುವುದು ಅವರ ಇನ್ನೊಂದು ಮಾತು.

ವಿಜ್ಞಾನಿಗಳ ಸಲಹೆ ಇದಕ್ಕಿಂತ ಬಹಳ ಬೇರೆಯೇನಿಲ್ಲ. ಗುಜರಾತಿನಲ್ಲಿ ಕರಡಿಗಳ ಬಗ್ಗೆ ಕೆಲಸ ಮಾಡುವ ಸಂಶೋಧಕರು ಹಳ್ಳಿಯವರಿಗೆ ಗಂಟೆ ಕಟ್ಟಿದ ಕೋಲು ಕೊಡುವ ಪ್ರಯೋಗ ಮಾಡಿದರು. ಹೆಸರೂ ಸರಳ, 'ಘಂಟಿ ಕಾಠಿ'. ನಡೆದಂತೆ ಗಂಟೆ ಸದ್ದಾಗುತ್ತದೆ, ಕರಡಿಗೆ ಮೊದಲೇ ಸುದ್ದಿ ಮುಟ್ಟುತ್ತದೆ. ಸುದ್ದಿ ಮುಟ್ಟಿದ ಕರಡಿ ಸಾಮಾನ್ಯವಾಗಿ ತಾನೇ ದೂರ ಸರಿಯುತ್ತದೆ. ಕೋವಿ ಕೆಲಸಕ್ಕೆ ಬರುವುದು ಕರಡಿ ಎದುರಾದ ಮೇಲೆ. ಗಂಟೆ ಎದುರಾಗುವುದನ್ನೇ ತಪ್ಪಿಸುತ್ತದೆ. ಮೂರು ಸಾವಿರ ಜೌಲ್ ಮಾಡಲಾಗದ ಕೆಲಸವನ್ನು ಹತ್ತು ರೂಪಾಯಿಯ ಗಂಟೆ ಮಾಡುವುದು ಹೀಗೆ.

ಮಾವನಿಗೆ ಹೇಳಿದ್ದು

ಕೊನೆಗೆ ಮಾವನಿಗೆ ನಾನು ಕೊಟ್ಟ ಉತ್ತರ ಎರಡು ಭಾಗದ್ದು. ಕೇಳಿದ್ದಕ್ಕೆ: ಐದಾರು ಮೀಟರ್ ದೂರದಲ್ಲಿ, ನೂರು ಕಿಲೋದ ಪ್ರಾಣಿಗೆ, ನಿಮ್ಮ ಹಳೆಯ ಕೋವಿಯಲ್ಲಿ, ಅಕ್ಕಪಕ್ಕ ಜನರಿರುವ ಹೊಲದಲ್ಲಿ, ಸ್ಲಗ್ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಅಷ್ಟು ಹತ್ತಿರದಲ್ಲಿ ಎಲ್‌ಜಿಯ ಚರೆಗಳು ಗೇಣಗಲವೂ ಚದುರಿರುವುದಿಲ್ಲ. ಕೇಳದೆ ಇದ್ದದ್ದಕ್ಕೆ: ಎರಡರಲ್ಲಿ ಯಾವುದಿದ್ದರೂ ಅದನ್ನು ಬಳಸುವಷ್ಟು ಹೊತ್ತು ಕರಡಿ ಕೊಡುವುದಿಲ್ಲ. ಕೋವಿಯ ಧೈರ್ಯದಲ್ಲಿ ಒಬ್ಬರೇ ಹೋಗುತ್ತೀರಲ್ಲ, ಅಪಾಯ ಇರುವುದು ಅಲ್ಲಿ.

ಮಾವ ಸುಲಭಕ್ಕೆ ಒಪ್ಪುವವರಲ್ಲ. "ಹಂಗಾದ್ರೆ ಕೈ ಕಟ್ಕೊಂಡು ಕುಂದ್ರಬೇಕಾ?" ಅಂದರು. ಬೇಡ ಅಂದೆ. ನಾಲ್ಕೈದು ಹೊಲದವರು ಸೇರಿ ಮಾಡಿದ್ದು ಇಷ್ಟು. ಹೊಲಕ್ಕೆ ಹೋಗುವ ದಾರಿಯ ಎರಡೂ ಬದಿ ಲಂಟಾನ ಸವರಿದರು. ಗುಡಿಸಲಿಗೆ ಸೋಲಾರ್ ದೀಪ ಹಾಕಿದರು. ಇಬ್ಬಿಬ್ಬರಾಗಿ ಕಾವಲು, ಕೈಯಲ್ಲಿ ಟಾರ್ಚು, ಜೇಬಿನ ಮೊಬೈಲಿನಲ್ಲಿ ಜೋರಾಗಿ ಹಾಡು. ನಸುಕಿನಲ್ಲಿ ಚೊಂಬು ಹಿಡಿದು ಬಂಡೆಗಳ ಸಂದಿಗೆ ಹೋಗುವುದನ್ನು ಬಿಟ್ಟರು. ಕರಡಿ ಈಗಲೂ ಶೇಂಗಾ ತಿನ್ನುತ್ತದೆ. ಅದಕ್ಕೆ ಪರಿಹಾರದ ಅರ್ಜಿ ಹಾಕುತ್ತಾರೆ, ಹಣ ಬರುವುದು ತಡ, ಬಂದರೂ ಕಡಿಮೆ. ಆ ಸಿಟ್ಟು ಅವರಿಗಿದೆ, ಇರಬೇಕಾದದ್ದೇ. ಕೋವಿ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ.

ನಾವು ನೀವು ಕಾಡಿಗೆ ಹೋದಾಗ

ಬೆಂಗಳೂರಿನವರು ರಾಮನಗರ, ತುಮಕೂರಿನ ಬೆಟ್ಟಗಳಿಗೆ, ಹಂಪಿಗೆ ಹೋದವರು ದರೋಜಿಗೆ, ನಾಗಪುರದವರು ಬೋರ್, ಪೇಂಚ್ ಕಡೆಗೆ ಹೋಗುತ್ತೀರಿ. ಇವೆಲ್ಲ ಕರಡಿ ಇರುವ ಜಾಗಗಳು. ದರೋಜಿಯಲ್ಲಿ 1994ರಲ್ಲಿ ಕರಡಿಗೆಂದೇ ಅಭಯಾರಣ್ಯ ಮಾಡಿದ್ದಾರೆ, ಅಲ್ಲಿ ದೂರದ ಗೋಪುರದಿಂದ ನೋಡುವುದಾದ್ದರಿಂದ ಭಯವಿಲ್ಲ. ನಡೆದು ಹೋಗುವ ಕಡೆ ಇಷ್ಟು ನೆನಪಿರಲಿ.

ಸೂರ್ಯೋದಯ ನೋಡಬೇಕೆಂದು ಕತ್ತಲಲ್ಲೇ ಬೆಟ್ಟ ಹತ್ತುವ ಹುಚ್ಚು ಕರಡಿ ಇರುವ ಕಡೆ ಬೇಡ. ಅದು ಗವಿಗೆ ಮರಳುವ ಹೊತ್ತು ಅದೇ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬರೇ ನಡೆಯಬೇಡಿ. ಮಾತಾಡುತ್ತ ಗುಂಪಾಗಿ ಹೋಗಿ. ಗವಿ, ಬಂಡೆ ಸಂದು, ಹೊಸದಾಗಿ ಬಗೆದ ಹುತ್ತ, ಹಣ್ಣಿನ ಬೀಜ ತುಂಬಿದ ಲದ್ದಿ ಕಂಡರೆ ಸೆಲ್ಫಿಗೆ ನಿಲ್ಲದೆ ವಾಪಸು ತಿರುಗಿ. ದೂರದಲ್ಲಿ ಕರಡಿ ಕಂಡರೆ ಓಡಬೇಡಿ, ಅದರ ಕಡೆ ಮುಖ ಇಟ್ಟುಕೊಂಡೇ ನಿಧಾನವಾಗಿ ಹಿಂದೆ ಸರಿಯಿರಿ. ಮರ ಹತ್ತುವುದು ವ್ಯರ್ಥ, ಅದು ನಮಗಿಂತ ಚೆನ್ನಾಗಿ ಹತ್ತುತ್ತದೆ. ಮೈಮೇಲೇ ಬಿದ್ದರೆ ಬೋರಲು ಮಲಗಿ, ಎರಡೂ ಕೈ ಬೆರಳು ಹೆಣೆದು ಕತ್ತಿನ ಹಿಂದೆ ಇಟ್ಟುಕೊಂಡು ಮುಖವನ್ನು ನೆಲಕ್ಕೆ ಒತ್ತಿಕೊ‍ಳ್ಳಿ. ಬೆನ್ನಿನ ಗಾಯ ಮಾಯುತ್ತದೆ, ಕಣ್ಣು ಹೋದರೆ ಬರುವುದಿಲ್ಲ. ಬೆನ್ನ ಚೀಲ ಇದ್ದರೆ ತೆಗೆಯಬೇಡಿ.

ಊರಿಗೆ ಕರಡಿ ಬಂದಿದೆ ಅಂತ ಗೊತ್ತಾದರೆ ಕಲ್ಲು, ಮೊಬೈಲ್ ಹಿಡಿದು ಸುತ್ತುವರಿಯುವುದು ಎಲ್ಲಕ್ಕಿಂತ ಅಪಾಯ. ಹೋಗಲು ಒಂದು ದಾರಿ ಬಿಟ್ಟರೆ ಅದು ಹೋಗುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಒಂದೇ ಸಂಖ್ಯೆ, 1926. ಊರಲ್ಲಿರುವ ಹಿರಿಯರ ಫೋನಿನಲ್ಲಿ ಇದನ್ನು ಸೇವ್ ಮಾಡಿಕೊಡಿ. ಮುಂದಿನ ಸಲ ಹಬ್ಬಕ್ಕೆ ಹೋದಾಗ ಒಂದು ಒಳ್ಳೆಯ ಟಾರ್ಚನ್ನೂ, ಎತ್ತಿನ ಕೊರಳಿಗೆ ಕಟ್ಟುವಂಥ ಒಂದು ಗಂಟೆಯನ್ನೂ ತೆಗೆದುಕೊಂಡು ಹೋಗಿ.